ನಡುವಿನ ಮೆಟ್ಟಿಲಿಲ್ಲದ ಏಣಿ

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ಕವಲು ರೈಲುಹಾದಿ 1894ರದು. ನೆಲದೊಳಕ್ಕೆ ಇಳಿಯುವವರಿಗಾಗಿ ಹಾಕಿದ ಹಳಿ ಅದು. ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಅದೇ ಹಳಿಯ ಮೇಲೆ ಗಣಿಯೂರಾದ ಕೆಜಿಎಫ್‌ನವರು ದಿನಬೆಳಗಾದರೆ ಬೆಂಗಳೂರಿಗೆ ದುಡಿಯಲು, ಓದಲು ಹೊರಡುತ್ತಾರೆ. ಅವರು ತಲುಪುವುದು ದೇಶದ ವಿಮಾನೋದ್ಯಮದ ರಾಜಧಾನಿಯನ್ನು. ಆದರೆ ಅವರಲ್ಲೊಬ್ಬ ಹುಡುಗಿ ನೌಕರಿಗಾಗಿ ಅಲ್ಲದೆ, ಹಾರುವ ವಿದ್ಯೆಗಾಗಿ, ಊರಿಗೆ ಉಪಯೋಗವಾಗುವ ಹವ್ಯಾಸಕ್ಕಾಗಿ ಪೈಲಟ್ ಆಗಬೇಕೆಂದುಕೊಂಡರೆ ಅವಳ ಮುಂದಿರುವ ಏಣಿ ವಿಚಿತ್ರವಾದದ್ದು. ಕೆಳಗಿನ ಮೆಟ್ಟಿಲಿದೆ, ತುದಿಯ ಮೆಟ್ಟಿಲಿದೆ, ನಡುವೆ ಕಾಲಿಡಲು ಜಾಗವಿಲ್ಲ. ಇದಕ್ಕೆ ಹಣದ ಕೊರತೆಯೇ ಕಾರಣ ಎನ್ನುವುದು ವಾಡಿಕೆ. ನನಗೆ ಕಾಣುವ ಕಾರಣ ಬೇರೆ. ಒಂದೊಂದು ಮೆಟ್ಟಿಲು ಹತ್ತಿದವರಿಗೂ ಅಲ್ಲಲ್ಲೇ ಒಂದು ಕೆಲಸ ಕಾದಿದ್ದರೆ ಮಾತ್ರ ಅರ್ಹತೆಯ ಏಣಿ ಉಳಿಯುತ್ತದೆ. ಕೆಲಸವಿಲ್ಲದ ಕಡೆ ಬಿಲ್ಲೆ ಪೆಟ್ಟಿಗೆ ಸೇರುತ್ತದೆ.

ಹವ್ಯಾಸಿ ಹಾರಾಟದ ಬಿಲ್ಲೆಗಳಿಗೆ ದೊಡ್ಡ ಚರಿತ್ರೆಯೇ ಇದೆ. ಎಂಜಿನ್ ಇಲ್ಲದ ಗ್ಲೈಡರ್ ಹಾರಿಸುವವರಿಗೆ ಯುರೋಪಿನಲ್ಲಿ ಬೆಳ್ಳಿ ಬಿಲ್ಲೆ ರೂಪುಗೊಂಡದ್ದು 1930ರ ಆಸುಪಾಸಿನಲ್ಲಿ. ಮೊದಲನೆಯದು ಜರ್ಮನಿಯ ವೋಲ್ಫ್ ಹಿರ್ತ್‌ಗೆ ಸಂದಿತು. ಬೆಳ್ಳಿಗೆ 50 ಕಿಲೋಮೀಟರ್ ದೂರ, 1,000 ಮೀಟರ್ ಏರಿಕೆ, ಐದು ಗಂಟೆ ಗಾಳಿಯಲ್ಲಿರುವುದು. ಚಿನ್ನಕ್ಕೆ 300 ಕಿಲೋಮೀಟರ್, 3,000 ಮೀಟರ್. ವಜ್ರಕ್ಕೆ 500 ಕಿಲೋಮೀಟರ್, 5,000 ಮೀಟರ್. ಪೈಲಟ್ ತಾನೇ ಹೇಳಿಕೊಂಡರೆ ನಡೆಯದು, ಅಧಿಕೃತ ವೀಕ್ಷಕರು ದಾಖಲೆ ನೋಡಿ ಒಪ್ಪಬೇಕು. ಅಮೆರಿಕದ್ದು ಇನ್ನೊಂದು ದಾರಿ. ಅಲ್ಲಿ ಸಿವಿಲ್ ಏರ್ ಪೆಟ್ರೋಲ್ ಹುಟ್ಟಿದ್ದು 1941ರ ಡಿಸೆಂಬರ್ 1ರಂದು, ಪರ್ಲ್ ಹಾರ್ಬರ್ ದಾಳಿಗೆ ಸರಿಯಾಗಿ ಆರು ದಿನ ಮೊದಲು. ಸಣ್ಣ ವಿಮಾನಗಳ ಸಾಮಾನ್ಯ ನಾಗರಿಕರು ಕರಾವಳಿಯುದ್ದಕ್ಕೂ ಶತ್ರು ಜಲಾಂತರ್ಗಾಮಿಗಳನ್ನು ಹುಡುಕಿದರು. 1948ರಲ್ಲಿ ಆ ಸಂಸ್ಥೆ ವಾಯುಪಡೆಯ ಸಹಾಯಕ ದಳವಾಯಿತು. ಅದರಲ್ಲಿ ಪೈಲಟ್, ಸೀನಿಯರ್ ಪೈಲಟ್, ಕಮಾಂಡ್ ಪೈಲಟ್ ಎಂಬ ಮೂರು ದರ್ಜೆಗಳಿವೆ. ರೆಕ್ಕೆಯ ಬಿಲ್ಲೆಯ ಮೇಲೆ ಮೊದಲು ನಕ್ಷತ್ರ, ಆಮೇಲೆ ನಕ್ಷತ್ರದ ಸುತ್ತ ಹಾರ ಮೂಡುತ್ತದೆ. ಕಳೆದುಹೋದ ವಿಮಾನಗಳನ್ನು ಹುಡುಕುವುದು, ನೆರೆಪೀಡಿತ ಪ್ರದೇಶದ ಚಿತ್ರ ತೆಗೆಯುವುದು ಅವರ ಕೆಲಸ. ಅನುಭವ ಹೆಚ್ಚಿದಷ್ಟೂ ಹೆಚ್ಚಿನ ಹೊಣೆ ಬರುತ್ತದೆ.

ಕರ್ನಾಟಕದ ಆರಂಭವೂ ಬಡವಾಗಿರಲಿಲ್ಲ. 1941ರಲ್ಲೇ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರು ಹತ್ತು ಆಸನಗಳ ಗ್ಲೈಡರ್ ವಿನ್ಯಾಸ ಮಾಡಿದರು. 1948ರಲ್ಲಿ ಜಕ್ಕೂರಿನಲ್ಲಿ ಸರ್ಕಾರಿ ಹಾರಾಟ ತರಬೇತಿ ಶಾಲೆ ತೆರೆಯಿತು. ಮರುವರ್ಷವೇ ಅಲ್ಲಿಂದ ಪೈಲಟ್ ಆಗಿ ತೇರ್ಗಡೆಯಾದ ಮಹಿಳೆ ಉಷಾ ಸುಂದರಂ. 1958ರಲ್ಲಿ ಮೊದಲ ಸಲ ಹಾರಿದ ಪುಷ್ಪಕ್ ಎಂಬ ಎರಡು ಆಸನಗಳ ಪುಟ್ಟ ವಿಮಾನವನ್ನು ಬೆಂಗಳೂರಲ್ಲೇ ನೂರೈವತ್ತಕ್ಕೂ ಹೆಚ್ಚು ಸಂಖ್ಯೆಯಲ್ಲಿ ಕಟ್ಟಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಕೊಡಲಾಯಿತು. ಎನ್‌ಸಿಸಿಯ ವಾಯುದಳ 1950ರಿಂದ ಇದೆ. ಹೀಗೆ ವಿನ್ಯಾಸಕಾರ, ಶಾಲೆ, ಅಗ್ಗದ ವಿಮಾನ, ಸಮವಸ್ತ್ರದ ಹುಡುಗರು ಎಲ್ಲವೂ ಒಂದೇ ಊರಿನ ಸುತ್ತ ಇದ್ದವು. ಸ್ವಯಂಸೇವಕ ಪೈಲಟ್‌ಗಳ ಪರಂಪರೆ ಮಾತ್ರ ಬೆಳೆಯಲಿಲ್ಲ. ಎನ್‌ಸಿಸಿ ಕೆಡೆಟ್ ಎ, ಬಿ, ಸಿ ಪ್ರಮಾಣಪತ್ರಗಳನ್ನು ಒಂದೊಂದಾಗಿ ಗಳಿಸುತ್ತಾನೆ, ಮೈಕ್ರೋಲೈಟ್‌ನಲ್ಲಿ ಕೆಲವು ಸುತ್ತು ಹಾರುತ್ತಾನೆ. ಸಿ ಪ್ರಮಾಣಪತ್ರ ಸೇನೆಯ ಬಾಗಿಲಲ್ಲಿ ಅನುಕೂಲವನ್ನೂ ಮಾಡಿಕೊಡುತ್ತದೆ. ಸೇನೆಗೆ ಹೋಗದವನಿಗೆ ಪದವಿ ಮುಗಿದ ದಿನವೇ ಹಾರಾಟವೂ ಮುಗಿಯಿತು. ಅಲ್ಲಿಂದ ಮುಂದಿರುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಲೈಸೆನ್ಸುಗಳು: ಹದಿನೇಳು ತುಂಬಿದವರಿಗೆ 40 ಗಂಟೆಯ ಖಾಸಗಿ ಲೈಸೆನ್ಸ್, 200 ಗಂಟೆಯ ವಾಣಿಜ್ಯ ಲೈಸೆನ್ಸ್, ಅದರ ಮೇಲೆ ಇನ್‌ಸ್ಟ್ರುಮೆಂಟ್ ರೇಟಿಂಗ್, ಬೋಧಕ ರೇಟಿಂಗ್. ಅವು ಏರ್‌ಲೈನ್ ಕೆಲಸದ ಕಡೆಗೆ ತಿರುಗಿ ನಿಂತ ಮೆಟ್ಟಿಲುಗಳು.

ಹಣವಿಲ್ಲದ ದೇಶದಲ್ಲಿ ಇದು ಸಹಜ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಹಾರಾಟದ ಒಂದೊಂದು ಗಂಟೆಗೂ ಸಾವಿರಾರು ರೂಪಾಯಿ ಬೇಕು. ಆದರೆ ಎನ್‌ಸಿಸಿಯಲ್ಲಿ ಆ ಖರ್ಚು ಸರ್ಕಾರದ್ದೇ ಆಗಿದ್ದರೂ ಏಣಿ ಅಲ್ಲೇ ತುಂಡಾಗುತ್ತದೆ. ಇನ್ನು ಕೋಲಾರದ ಗಣಿಯನ್ನು ನೋಡಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಬಂಡೆ ತನ್ನ ಒತ್ತಡಕ್ಕೆ ತಾನೇ ಸಿಡಿಯುವ ರಾಕ್ ಬರ್ಸ್ಟ್ ಅಲ್ಲಿ ನಿತ್ಯದ ಭಯ. ಅಲ್ಲಿ ದುಡಿದವರು ಶ್ರೀಮಂತರಲ್ಲ. ಆದರೂ ಬ್ಲಾಸ್ಟರ್, ಮೇಟ್, ಫೋರ್‌ಮನ್, ಮ್ಯಾನೇಜರ್ ಎಂಬ ಪ್ರಮಾಣಪತ್ರಗಳ ಏಣಿ ಮೇಲಿಂದ ಕೆಳಗಿನವರೆಗೆ ತುಂಬಿತ್ತು. 1961ರ ಮೆಟಾಲಿಫೆರಸ್ ಮೈನ್ಸ್ ರೆಗ್ಯುಲೇಷನ್ಸ್ ಪ್ರಕಾರ ಆ ಪರೀಕ್ಷೆಗಳಿಗೆ ಪ್ರಥಮ ಚಿಕಿತ್ಸೆಯ ಅರ್ಹತೆಯೂ ಬೇಕಿತ್ತು. ಅದರ ಮಾದರಿ ಸೇಂಟ್ ಜಾನ್ ಆಂಬುಲೆನ್ಸ್ ಪದ್ಧತಿ. ಆ ಪದ್ಧತಿಯ ಬಿಲ್ಲೆಗಳ ಕ್ರಮ ನನಗೆ ಬಹಳ ವಿವೇಕದ್ದೆನಿಸುತ್ತದೆ. ಮೊದಲ ಪರೀಕ್ಷೆಗೆ ಪ್ರಮಾಣಪತ್ರ, ಮತ್ತೆ ಬರೆದರೆ ವೋಚರ್, ಮೂರನೆಯ ಸಲಕ್ಕೆ ಮೆಡಾಲಿಯನ್, ಆಮೇಲೆ ಪ್ರತಿ ಸಲವೂ ಒಂದು ಲೇಬಲ್. ಮೆಡಾಲಿಯನ್ ಹೊಸ ವಿದ್ಯೆಗೆ ಸಿಗುವುದಲ್ಲ, ಕಲಿತದ್ದನ್ನು ಮರೆತಿಲ್ಲ ಎಂಬುದಕ್ಕೆ ಸಿಗುವುದು.

ಗಣಿಯವರು ಸಂಬಳದವರು, ಸ್ವಯಂಸೇವಕರಲ್ಲ, ಹೋಲಿಕೆ ಸರಿಯಲ್ಲ ಎನ್ನಬಹುದು. ನಾನು ಹೋಲಿಸುತ್ತಿರುವುದು ಏಣಿಯ ರಚನೆಯನ್ನು. ಶಾಫ್ಟಿನ ಆಳದಲ್ಲಿ ಕೈ ಮುರಿದವನಿಗೆ ಪಟ್ಟಿ ಕಟ್ಟಬಲ್ಲವನು ಪಕ್ಕದಲ್ಲೇ ಬೇಕು, ಮೇಲಿಂದ ವೈದ್ಯರು ಬರುವವರೆಗೆ ಕಾಯಲಾಗದು. ಹಾಗಾಗಿ ಕೆಳಮೆಟ್ಟಿಲಿನವನಿಗೂ ಬೆಲೆಯಿತ್ತು. ಬೆಳ್ಳಿ ಬಿಲ್ಲೆಯ ಗ್ಲೈಡರ್ ಪೈಲಟ್‌ಗೆ ಯಾವ ಕೆಲಸವಿದೆ ಎಂಬ ಪ್ರಶ್ನೆ ಆ ಆಕ್ಷೇಪಕ್ಕಿಂತ ಬಲವಾದದ್ದು. ಉತ್ತರ ಕ್ಲಬ್ಬಿನೊಳಗೇ ಇದೆ: ಹೊಸಬರಿಗೆ ಕಲಿಸುವವರು, ಹಗ್ಗ ಎಳೆಯುವವರು, ದಾಖಲೆ ಪರಿಶೀಲಿಸುವ ವೀಕ್ಷಕರು ಎಲ್ಲ ಹಿಂದಿನ ಮೆಟ್ಟಿಲು ಹತ್ತಿದವರೇ. ಹವ್ಯಾಸಿಗಳನ್ನು ಕೆಲಸಕ್ಕೆ ಬಳಸುವುದು ಅಪಾಯ ಎನ್ನುವವರಿಗೂ ಒಂದು ಮಾತು. ರೇಟಿಂಗ್ ಎಂಬುದು ಅನುಮತಿಯಷ್ಟೇ ಅಲ್ಲ, ಗಡಿಯೂ ಹೌದು. ರಾತ್ರಿ ಹಾರುವ ರೇಟಿಂಗ್ ಇಲ್ಲದವರು ರಾತ್ರಿ ಹಾರುವಂತಿಲ್ಲ. ಅಮೆರಿಕದಲ್ಲಿ ತೊಂಬತ್ತು ದಿನಗಳಲ್ಲಿ ಮೂರು ಸಲ ಏರಿ ಇಳಿಯದ ಪೈಲಟ್ ಪ್ರಯಾಣಿಕರನ್ನು ಕೂರಿಸಿಕೊಳ್ಳುವಂತಿಲ್ಲ. ದರ್ಜೆಗಳಿದ್ದಲ್ಲಿ ಹವ್ಯಾಸಿಯ ಕೈಗೆ ಸಿಗುವುದು ಅವನಿಗೆ ಸಲ್ಲುವಷ್ಟೇ ಕೆಲಸ.

2021ರ ಆಗಸ್ಟ್‌ನ ಡ್ರೋನ್ ನಿಯಮಗಳು ಈ ಚರಿತ್ರೆಗೆ ಹೊಸ ತಿರುವು ಕೊಟ್ಟಿವೆ. ಹತ್ತನೆಯ ತರಗತಿ ಪಾಸಾದ, ಹದಿನೆಂಟು ತುಂಬಿ ಅರವತ್ತೈದು ಮೀರದ ಯಾರೇ ಆದರೂ ಅಧಿಕೃತ ಸಂಸ್ಥೆಯಲ್ಲಿ ತರಬೇತಿ ಪಡೆದು ರಿಮೋಟ್ ಪೈಲಟ್ ಪ್ರಮಾಣಪತ್ರ ಗಳಿಸಬಹುದು. ಅದು ಹತ್ತು ವರ್ಷ ಸಲ್ಲುತ್ತದೆ. ವಿಮಾನದ ಗಂಟೆಗಳ ಖರ್ಚು ಇಲ್ಲಿಲ್ಲ. ಸುಲಭವಾದ ಈ ಮೊದಲ ಮೆಟ್ಟಿಲಿನ ಮೇಲೆ ಎರಡನೆಯದನ್ನು ಕಟ್ಟದಿದ್ದರೆ ಎನ್‌ಸಿಸಿ ವಾಯುದಳದ ಕಥೆಯೇ ಮರುಕಳಿಸೀತು ಎಂಬುದು ನನ್ನ ಆತಂಕ. ಕೆಜಿಎಫ್‌ಗೆ ಮಾತ್ರ ಕೆಲಸ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಅದರ ತ್ಯಾಜ್ಯದ ಸೈನೈಡ್ ದಿಬ್ಬಗಳು ಊರ ಮಧ್ಯದಲ್ಲೇ ನಿಂತಿವೆ. ಗಾಳಿಗೆ ಅವುಗಳ ದೂಳು ಮನೆಗಳ ಮೇಲೆ ಬೀಳುತ್ತದೆ, ಮಳೆಗೆ ಅವುಗಳ ಮೈ ಕೊರೆದು ಹೋಗುತ್ತದೆ. ಒಂದು ಮಳೆಗಾಲದಿಂದ ಇನ್ನೊಂದಕ್ಕೆ ಯಾವ ದಿಬ್ಬ ಎಷ್ಟು ಕರಗಿತು, ಕೊಚ್ಚಿ ಹೋದದ್ದು ಯಾವ ಓಣಿಯ ಕಡೆಗೆ ಹರಿಯಿತು ಎಂದು ಮೇಲಿನಿಂದ ಅಳೆದು ನಕ್ಷೆ ಬರೆಯುವುದು ಹೊಸಬರಿಂದ ಆಗುವ ಕೆಲಸವಲ್ಲ. ಎರಡು ಮಳೆಗಾಲ ಡ್ರೋನ್ ಹಾರಿಸಿ ಪಳಗಿದವರು, ಸೇಂಟ್ ಜಾನ್ ಮಾದರಿಯಲ್ಲಿ ಮರುಪರೀಕ್ಷೆ ಕೊಟ್ಟು ಲೇಬಲ್ ಗಳಿಸಿದವರು ಅದಕ್ಕೆ ಬೇಕು.