ಕತೆಯ ಪಾಠ: ಪಾತ್ರ ಮತ್ತು ಭಾವಸ್ಥಿತಿ

ಸಣ್ಣಕತೆಯನ್ನು ಓದುವುದು ಸುಲಭ, ಕಲಿಸುವುದು ಕಷ್ಟ. ಕತೆಯ ಸಾರಾಂಶ ಹೇಳಿ, ಕತೆಗಾರನ ಜನನ ಮರಣಗಳ ವರ್ಷ ಬರೆಸಿ, ಕೊನೆಗೊಂದು ನೀತಿಯನ್ನು ಸೇರಿಸಿದರೆ ಪಾಠ ಮುಗಿಯಿತೆಂದು ಭಾವಿಸುವ ಅಧ್ಯಾಪಕರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಪಾತ್ರ ಹೇಗೆ ಮೂಡುತ್ತದೆ, ಕತೆಯ ಭಾವಸ್ಥಿತಿ ಎಲ್ಲಿಂದ ಹುಟ್ಟುತ್ತದೆ ಎಂಬ ಪ್ರಶ್ನೆಗಳು ತರಗತಿಯನ್ನು ಪ್ರವೇಶಿಸಿದ್ದು ತಡವಾಗಿಯೇ. ಅವು ಬಂದ ಬಗೆಯನ್ನು ಅಮೆರಿಕದ ಒಂದು ಪಠ್ಯಪುಸ್ತಕದ ಮೂಲಕ ಗುರುತಿಸಬಹುದು.

ಈ ಚಿಂತನೆಯ ಬೇರು ಇರುವುದು 1842ರಲ್ಲಿ. ಆ ವರ್ಷ ಹಾಥಾರ್ನನ ಕಥಾಸಂಕಲನವೊಂದನ್ನು ವಿಮರ್ಶಿಸುತ್ತ ಎಡ್ಗರ್ ಆಲನ್ ಪೋ, ಕತೆ ಒಂದೇ ಬೈಠಕಿನಲ್ಲಿ ಓದಿ ಮುಗಿಸುವಂತಿರಬೇಕು, ಅದರ ಪ್ರತಿಯೊಂದು ಮಾತೂ ಮೊದಲೇ ಉದ್ದೇಶಿಸಿದ ಒಂದೇ ಪರಿಣಾಮಕ್ಕೆ ದುಡಿಯಬೇಕು ಎಂದು ವಾದಿಸಿದ. 1839ರ ‘ಅಷರ್ ಮನೆತನದ ಪತನ’ದಲ್ಲಿ ಅವನು ಇದನ್ನು ಮಾಡಿಯೂ ತೋರಿಸಿದ್ದ. ಮಂಕಾದ ಶರತ್ಕಾಲದ ಹಗಲು, ಕಪ್ಪು ಕೊಳದಲ್ಲಿ ಕಾಣುವ ಮನೆಯ ನೆರಳು, ಗೋಡೆಯ ಬಿರುಕು, ಇವೆಲ್ಲ ಸೇರಿ ಓದುಗನನ್ನು ಭೀತಿಯೊಳಗೆ ಇಳಿಸುತ್ತವೆ. ಮುಂದೆ 1901ರಲ್ಲಿ ಬ್ರ್ಯಾಂಡರ್ ಮ್ಯಾಥ್ಯೂಸ್ ಸಣ್ಣಕತೆಯ ತತ್ವವನ್ನು ಕುರಿತ ಕಿರುಪುಸ್ತಕದಲ್ಲಿ ಈ ವಿಚಾರವನ್ನು ಬೆಳೆಸಿದ. ಆಮೇಲೆ ಬಂದ ಕೈಪಿಡಿಗಳಲ್ಲಿ ತತ್ವವು ಸೂತ್ರವಾಗಿ ಗಟ್ಟಿಯಾಯಿತು.

1943ರಲ್ಲಿ ಕ್ಲಿಯಾಂತ್ ಬ್ರೂಕ್ಸ್ ಮತ್ತು ರಾಬರ್ಟ್ ಪೆನ್ ವಾರೆನ್ ‘ಅಂಡರ್‌ಸ್ಟ್ಯಾಂಡಿಂಗ್ ಫಿಕ್ಷನ್’ ಎಂಬ ಪಠ್ಯಪುಸ್ತಕವನ್ನು ಹೊರತಂದರು. ಇಬ್ಬರೂ ಲೂಸಿಯಾನಾ ವಿಶ್ವವಿದ್ಯಾಲಯದಲ್ಲಿ ಜೊತೆಯಾಗಿ ಪಾಠ ಹೇಳಿದವರು. 1938ರಲ್ಲಿ ಕಾವ್ಯವನ್ನು ಕುರಿತು ಇಂಥದೇ ಪುಸ್ತಕ ರಚಿಸಿದ್ದವರು. ಕತೆಯನ್ನು ಪೂರ್ಣವಾಗಿ ಮುಂದಿಟ್ಟು, ಬಳಿಕ ಅದರ ವಿಶ್ಲೇಷಣೆಯನ್ನೋ ಪ್ರಶ್ನೆಗಳನ್ನೋ ಕೊಡುವುದು ಅವರ ಕ್ರಮ.

ಪೋನ ಕತೆಯ ಬಗ್ಗೆ ಅವರ ತೀರ್ಪು ಕಠೋರವಾದದ್ದು. ದುಃಸ್ವಪ್ನದ ವಾತಾವರಣ ಅಲ್ಲಿ ಸಿದ್ಧಿಸಿದೆ, ನಿಜ. ಆದರೆ ರೋಡೆರಿಕ್ ಅಷರ್ ತನ್ನ ವಿಧಿಯೊಡನೆ ಹೋರಾಡುವುದಿಲ್ಲ; ಆದ್ದರಿಂದ ಅವನ ಪತನ ಭಯಂಕರವಾದರೂ ದುರಂತವಾಗುವುದಿಲ್ಲ. ಭಾವಸ್ಥಿತಿ ಪಾತ್ರವನ್ನು ನುಂಗಿಬಿಟ್ಟಿದೆ. ಓ. ಹೆನ್ರಿಯ ‘ಬಾಡಿಗೆಯ ಕೋಣೆ’ಯನ್ನೂ ಅವರು ಒಪ್ಪಲಿಲ್ಲ. ಅದರ ಅಂತ್ಯದ ಆಕಸ್ಮಿಕ ಅವರಿಗೆ ಕೃತಕವಾಗಿ ಕಂಡಿತು. ಮೋಪಾಸಾನ 1884ರ ‘ಹಾರ’ದಲ್ಲಿಯೂ ಕೊನೆಗೊಂದು ಆಘಾತವುಂಟು. ಆದರೆ ಹತ್ತು ವರ್ಷ ದುಡಿದು ಒರಟಾದ ಮಟಿಲ್ಡಾಳ ಬಾಳಿನಲ್ಲಿ ಆ ಆಘಾತಕ್ಕೆ ಅರ್ಥವಿದೆ. ಪಾತ್ರದ ನೆಲವಿಲ್ಲದೆ ಬರುವ ಅಂತ್ಯ ಬರಿಯ ಚಮತ್ಕಾರ ಎಂಬ ವಿವೇಕವನ್ನು ವಿದ್ಯಾರ್ಥಿ ಹೀಗೆ ಹೋಲಿಕೆಯಿಂದಲೇ ಪಡೆಯಬಹುದು.

ಪಾತ್ರ ಮತ್ತು ಭಾವಸ್ಥಿತಿ ಒಂದಾಗುವ ಬಗೆಯನ್ನು ತಿಳಿಯಲು ಅದೇ ಸಂಕಲನದಲ್ಲಿದ್ದ ಚೆಕಾಫನ 1886ರ ಕತೆ ಸಾಕು. ಪೀಟರ್ಸ್‌ಬರ್ಗಿನ ಸಂಜೆ, ಹಿಮ ಬೀಳುತ್ತಿದೆ, ಬಂಡಿಯ ಮುದುಕ ಅಯೋನ ಮೈಯೆಲ್ಲ ಬಿಳಿಯಾಗಿ, ಅಲುಗಾಡದೆ ಕುಳಿತಿದ್ದಾನೆ. ಮಗ ಸತ್ತು ವಾರವೂ ಆಗಿಲ್ಲ. ಬಂಡಿ ಏರಿದವರಿಗೆಲ್ಲ ಹೇಳಲು ನೋಡುತ್ತಾನೆ, ಕೇಳುವವರಿಲ್ಲ. ಕೊನೆಗೆ ತನ್ನ ಕುದುರೆಯ ಮುಂದೆ ದುಃಖ ತೋಡಿಕೊಳ್ಳುತ್ತಾನೆ. ಇಲ್ಲಿ ಹಿಮವು ವರ್ಣನೆಯ ಅಲಂಕಾರವಲ್ಲ. ಅದನ್ನು ಕೊಡವಿಕೊಳ್ಳಲೂ ಮನಸ್ಸಿಲ್ಲದ ಮನುಷ್ಯನನ್ನು ಕಂಡೊಡನೆ ಪಾತ್ರವೂ ಭಾವವೂ ಒಟ್ಟಿಗೇ ತಿಳಿಯುತ್ತವೆ. ಲೇಖಕ ‘ಅವನು ದುಃಖಿ’ ಎಂದು ಸಾರಬೇಕಾಗಿಲ್ಲ.

ಎರಡನೆಯ ಮಹಾಯುದ್ಧದ ಬಳಿಕ ಈ ಕ್ರಮ ವ್ಯಾಪಕವಾಯಿತು. 1944ರ ಕಾಯಿದೆಯ ನೆರವಿನಿಂದ ಸುಮಾರು 22 ಲಕ್ಷ ಮಾಜಿ ಸೈನಿಕರು ಅಮೆರಿಕದ ಕಾಲೇಜುಗಳನ್ನು ಸೇರಿದರು. ಸಾಹಿತ್ಯ ಪರಂಪರೆಯ ಪರಿಚಯ ಇರಲಿ, ಇಲ್ಲದಿರಲಿ, ಎಲ್ಲರ ಕೈಯಲ್ಲೂ ಒಂದೇ ಕತೆ. ಉತ್ತರಕ್ಕೆ ಆಧಾರ ಕತೆಯಲ್ಲೇ ಸಿಗಬೇಕು. ಈ ಸಮಾನತೆ ಸಣ್ಣ ಲಾಭವಲ್ಲ.

ನಷ್ಟವೂ ಇಲ್ಲದಿಲ್ಲ. ಅದೇ ಪುಸ್ತಕದಲ್ಲಿದ್ದ ಫಾಕ್ನರನ ‘ಎಮಿಲಿಗೊಂದು ಗುಲಾಬಿ’ಯನ್ನು ಅಂತರ್ಯುದ್ಧದಲ್ಲಿ ಸೋತ ದಕ್ಷಿಣ ಪ್ರಾಂತದ ಚರಿತ್ರೆ ಅರಿಯದೆ ಪೂರ್ಣವಾಗಿ ಗ್ರಹಿಸಲಾಗದು. ಆಕೆಯ ಮನೆಯ ಧೂಳು ಒಂದು ಕಾಲಮಾನದ ಧೂಳೂ ಹೌದು. ಬ್ರೂಕ್ಸ್ ಸ್ವತಃ 1963ರಲ್ಲಿ ಫಾಕ್ನರನ ನಾಡನ್ನು ಕುರಿತು ದೊಡ್ಡ ಗ್ರಂಥವನ್ನೇ ಬರೆದದ್ದು ಇಲ್ಲಿ ಸ್ಮರಣೀಯ.

ಹಾಗಾದರೆ ಅಧ್ಯಾಪಕ ಮಾಡಬೇಕಾದುದೇನು? ಮೊದಲು ಕತೆಯನ್ನು ಗಟ್ಟಿಯಾಗಿ ಓದಲಿ. ಅಯೋನ ಏನನ್ನು ಕಾಣುತ್ತಾನೆ, ಏನನ್ನು ಕಾಣುತ್ತಿಲ್ಲ ಎಂದು ಕೇಳಲಿ. ಚರಿತ್ರೆಯನ್ನು ಆಮೇಲೆ ತರಲಿ. ತನ್ನ ಮಾತನ್ನು ಕೇಳುವವರಿಲ್ಲದ ಮುದುಕನೊಬ್ಬನನ್ನು ಕತೆಯಲ್ಲಿ ಗುರುತಿಸಲು ಕಲಿತ ವಿದ್ಯಾರ್ಥಿ, ಬೀದಿಯಲ್ಲಿ ಅಂಥವನು ಎದುರಾದಾಗ ಒಂದು ಕ್ಷಣ ನಿಂತಾನು. ಸಾಹಿತ್ಯದ ಪಾಠಕ್ಕೆ ಇದಕ್ಕಿಂತ ಹೆಚ್ಚಿನ ಫಲವನ್ನು ಬಯಸಬೇಕಾಗಿಲ್ಲ.