ಕುದುರೆ ಮೇಲಿನ ಮೂಳೆಪಟ್ಟಿ

ನನ್ನ ಗಿಟಾರಿಗೆ ಪಿಕಪ್ ಹಾಕಿಸ್ಕೊಂಡು ಬಂದ ರಾತ್ರಿ, ರೂಮಲ್ಲಿ ಕೂತು ಪ್ಲಗ್ ಹಾಕದೆ ಸುಮ್ನೆ ಮೀಟಿದೆ. ಆರು ವರ್ಷದಿಂದ ಕೇಳಿದ್ದ ದನಿ ಅದಲ್ಲ. ಮರ ಅದೇ, ತಂತಿನೂ ಅದೇ. ಬದಲಾಗಿದ್ದು ಬ್ರಿಜ್ ಮೇಲೆ ತಂತಿಗಳು ಒರಗುವ ಬೆರಳುದ್ದದ ಮೂಳೆಪಟ್ಟಿ, ಅಂದ್ರೆ ಸ್ಯಾಡಲ್ ಮಾತ್ರ. ಅಂಗಡಿಯವರು ಅದರ ತಳ ಉಜ್ಜಿ ಗಿಡ್ಡ ಮಾಡಿ, ಅಡಿಯಲ್ಲಿ ತೆಳ್ಳನೆಯ ಪಿಕಪ್ ಪಟ್ಟಿ ತೂರಿಸಿದ್ದರು.

ಊರಿನ ಭಜನೆ ಮನೆಯಲ್ಲಿ ತಂಬೂರಿ ಕೇಳಿ ಬೆಳೆದವನಿಗೆ ಇದು ಮೊದಲೇ ಹೊಳೀಬೇಕಿತ್ತು. ತಂಬೂರಿಯ ಕುದುರೆ ಮೇಲೆ, ತಂತಿಯ ಕೆಳಗೆ, ಒಂದೆಳೆ ದಾರ ಇರುತ್ತಲ್ಲ, ಅದನ್ನ ಚೂರು ಸರಿಸಿದ್ರೆ ಸಾಕು, ಮಂಕಾಗಿದ್ದ ತಂತಿ ಝೇಂಕರಿಸುತ್ತೆ. ತಂತಿಯ ನಡುಕ ಮರಕ್ಕೆ ದಾಟೋದು ಅಲ್ಲೇ. ಗಿಟಾರಿನಲ್ಲಿ ಆ ಕೆಲಸ ಸ್ಯಾಡಲ್‌ನದ್ದು.

ಆಮೇಲೆ ಹಳೇ ಕತೆ ಓದ್ತಾ ಹೋದೆ. ಗಿಟಾರಿನ ದನಿ ಜೋರು ಮಾಡಲು ಹೊರಟವರೆಲ್ಲ ಏನೋ ಒಂದನ್ನು ಕೊಟ್ಟೇ ಪಡೆದಿದ್ದಾರೆ.

1954ರಲ್ಲಿ ಅಮೆರಿಕದ ಗಿಬ್ಸನ್ ಕಂಪನಿ ಜೆ-160ಇ ಅನ್ನೋ ಗಿಟಾರ್ ತಂತು. ನೋಡೋಕೆ ಅಕೂಸ್ಟಿಕ್, ಆದ್ರೆ ಕುತ್ತಿಗೆಯ ಹಲಗೆ ಮುಗಿಯುವಲ್ಲಿ ಒಂದು ಮ್ಯಾಗ್ನೆಟಿಕ್ ಪಿಕಪ್. ಇಂಥ ಪಿಕಪ್‌ಗೆ ಮುಖ್ಯವಾಗಿ ಕೇಳಿಸೋದು ಉಕ್ಕಿನ ತಂತಿಯ ಅಲುಗಾಟ. ಮರದ ಮಾತು ಅದಕ್ಕೆ ಅಷ್ಟಕ್ಕಷ್ಟೇ. ಸ್ಪೀಕರಿನ ಸದ್ದಿಗೆ ಮುಂಭಾಗದ ಹಲಗೆ ತಾನೂ ನಡುಗಿ ಕೂಗು ಹಾಕಬಾರದು ಅಂತ ಅದನ್ನ ಪ್ಲೈವುಡ್ಡಿನಲ್ಲಿ ಮಾಡಿದ್ರು. ಸ್ಯಾಡಲ್‌ಗೂ ಸ್ಕ್ರೂ ಹಾಕಿ, ಎತ್ತರ ಏರಿಸಿ ಇಳಿಸೋ ಹಾಗೆ ಮಾಡಿದ್ರು. ಅನುಕೂಲವೇನೋ ಸರಿ. ಆದ್ರೆ ಸ್ಯಾಡಲ್ ಸ್ಕ್ರೂ ಮೇಲೆ ನಿಂತಾಗ ಬ್ರಿಜ್‌ನ ಮರವನ್ನ ಉದ್ದಕ್ಕೂ ಒತ್ತಿ ಕೂರೋದಿಲ್ಲ. ಪ್ಲಗ್ ಕಿತ್ತರೆ ದನಿ ಪೆಟ್ಟಿಗೆಯೊಳಗಿನ ಮಾತಿನಂತೆ.

ಇದೇ ಗಿಟಾರನ್ನ 1962ರಲ್ಲಿ ಬೀಟಲ್ಸ್‌ನ ಜಾನ್ ಲೆನನ್, ಜಾರ್ಜ್ ಹ್ಯಾರಿಸನ್ ಕೊಂಡರು. 1964ರ ‘ಐ ಫೀಲ್ ಫೈನ್’ ಹಾಡಿನ ಆರಂಭದಲ್ಲಿ ಗುಂಯ್ ಅನ್ನುತ್ತಲ್ಲ, ಅದು ಲೆನನ್ ಅವರ ಜೆ-160ಇ ಹಾಕಿದ ಕೂಗು. ಪ್ಲೈವುಡ್ ಹಾಕಿ ತಡೆಯೋಕೆ ಹೊರಟಿದ್ದ ಸದ್ದೇ ರೆಕಾರ್ಡಿನ ಹೆಸರುವಾಸಿ ಸದ್ದಾಯ್ತು!

ಮುಂದಿನ ಹೆಜ್ಜೆ ಇಟ್ಟಿದ್ದು ಹೆಲಿಕಾಪ್ಟರ್ ಮಾಡ್ತಿದ್ದವರು. ಚಾರ್ಲ್ಸ್ ಕಾಮನ್ ಅವರ ಕಂಪನಿ 1960ರ ದಶಕದಲ್ಲಿ ಓವೇಶನ್ ಗಿಟಾರ್ ಶುರು ಮಾಡಿತು. ಹೆಲಿಕಾಪ್ಟರಿನಲ್ಲಿ ಕಂಪನ ತಗ್ಗಿಸೋದೇ ದೊಡ್ಡ ತಲೆನೋವು. ಆ ವಿದ್ಯೆಯನ್ನ ಇವರು ತಂತಿವಾದ್ಯಕ್ಕೆ ತಿರುಗಿಸಿದರು. ಒತ್ತಿದರೆ ಕೆಲವು ಹರಳುಗಳಲ್ಲಿ ವಿದ್ಯುತ್ ಹುಟ್ಟುತ್ತೆ ಅಂತ ಕ್ಯೂರಿ ಸಹೋದರರು 1880ರಲ್ಲೇ ಕಂಡುಕೊಂಡಿದ್ದರು. ಓವೇಶನ್‌ನವರು ಅಂಥ ಹರಳುಗಳನ್ನ ಸ್ಯಾಡಲ್ ಜಾಗದಲ್ಲೇ ಕೂರಿಸಿದ್ರು. ಗ್ಲೆನ್ ಕ್ಯಾಂಪ್‌ಬೆಲ್ ಅಮೆರಿಕದ ಟೀವಿಯಲ್ಲಿ ಓವೇಶನ್ ನುಡಿಸಿದ ಮೇಲೆ ಅದು ಮನೆಮಾತಾಯ್ತು. ಈಗ ಸಾಮಾನ್ಯವಾಗಿ ಸಿಗೋ ಸ್ಯಾಡಲ್ ಅಡಿಯ ಪಿಕಪ್‌ಗಳು ಅದರ ಮೊಮ್ಮಕ್ಕಳು.

ಇಲ್ಲಿ ಬೆಲೆ ಬೇರೆ ಥರ. ತಂತಿಯ ಒತ್ತಡ ನೇರವಾಗಿ ಹರಳಿಗೆ ಹೋಗುತ್ತೆ. ಹಲಗೆ ನಡುಗಿ, ಹೊಟ್ಟೆಯ ಗಾಳಿ ಅಲುಗಿ ಬರುವ ತುಂಬುದನಿ ಅದಕ್ಕೆ ಅಷ್ಟಾಗಿ ಸಿಗಲ್ಲ. ಜೋರಾಗಿ ಬಾರಿಸಿದ್ರೆ ಬಾತುಕೋಳಿ ಕೂಗಿದ ಹಾಗೆ. ಸ್ಯಾಡಲ್‌ನ ತಳ ಕಾಗದದಷ್ಟು ಓರೆಯಾಗಿದ್ರೂ ಒಂದು ತಂತಿ ಅರಚುತ್ತೆ, ಪಕ್ಕದ್ದು ಪಿಸುಗುಟ್ಟುತ್ತೆ. ಪಟ್ಟಿ ಮೆತ್ತಗಿದ್ರೆ ಮರಕ್ಕೆ ದಾಟೋ ನಡುಕವೂ ಕಡಿಮೆ. ನನ್ನ ಗಿಟಾರಿಗೆ ಆಗಿದ್ದು ಇವೆರಡೂ.

1989ರಲ್ಲಿ ಎಂಟೀವಿ ‘ಅನ್‌ಪ್ಲಗ್ಡ್’ ಕಾರ್ಯಕ್ರಮ ಶುರು ಮಾಡಿತು. ಹೆಸರು ಹಾಗಿದ್ರೂ ಗಿಟಾರುಗಳಿಗೆ ಪಿಕಪ್ ಇರ್ತಿತ್ತು. ಪ್ಲಗ್ ಇಲ್ಲದ ದನಿ ಅಂತ ನಮ್ಮ ತಲೆಮಾರು ಕೇಳಿದ್ದರಲ್ಲಿ ಎಷ್ಟೋ ಪಾಲು ಪ್ಲಗ್ಗಿನದ್ದೇ!

ಎರಡು ತಿಂಗಳು ತಡೆದು ಪಿಕಪ್ ತೆಗೆಸಿದೆ. ಎದುರಿಗೊಂದು ಮೈಕ್ ಸಾಕು ಅನ್ಸಿತು. ಉಜ್ಜಿದ ಹಳೇ ಪಟ್ಟಿ ಗಿಡ್ಡವಾಗಿದ್ದರಿಂದ ಹೊಸ ಮೂಳೆ ಕೊಯ್ಸಬೇಕಾಯ್ತು. ದನಿ ಮುಕ್ಕಾಲು ಪಾಲು ವಾಪಸ್ ಬಂದಿದೆ. ಹಳೇದು ಗಿಟಾರ್ ಬ್ಯಾಗಿನ ಜೇಬಿನಲ್ಲಿದೆ. ಎಸೆಯೋಕೆ ಮನಸ್ಸಾಗಿಲ್ಲ.