ಅಣುಸ್ಥಾವರಗಳ ವಿದ್ಯುತ್ ದೋಷಗಳು ಮತ್ತು ಸುರಕ್ಷತಾ ಮೇಲ್ವಿಚಾರಣೆ

ವಿದ್ಯುತ್ ಉತ್ಪಾದಿಸುವ ಅಣುಸ್ಥಾವರವು ತನ್ನ ಉಳಿವಿಗೆ ಹೊರಗಿನ ವಿದ್ಯುತ್ತನ್ನು ನೆಚ್ಚಿಕೊಂಡಿದೆ. ಕಲ್ಲಿದ್ದಲಿನ ಕುಲುಮೆಗೆ ಇಂಧನ ಹಾಕುವುದನ್ನು ಬಿಟ್ಟರೆ ಬೆಂಕಿ ಆರುತ್ತದೆ. ರಿಯಾಕ್ಟರಿನಲ್ಲಿ ವಿದಳನ ನಿಂತ ಮೇಲೂ ಅದರಿಂದ ಹುಟ್ಟಿದ ವಿಕಿರಣಶೀಲ ಧಾತುಗಳು ಕ್ಷಯಿಸುತ್ತ ಶಾಖ ಹೊಮ್ಮಿಸುತ್ತವೆ. 3000 ಮೆಗಾವಾಟ್ ಶಾಖ ಕೊಡುವ ದೊಡ್ಡ ರಿಯಾಕ್ಟರನ್ನು ನಿಲ್ಲಿಸಿದ ಕ್ಷಣದಲ್ಲಿ ಸುಮಾರು 200 ಮೆಗಾವಾಟ್ ಶಾಖ ಉಳಿದಿರುತ್ತದೆ; ಒಂದು ದಿನ ಕಳೆದರೂ ಅದು 10 ಮೆಗಾವಾಟಿಗಿಂತ ಕೆಳಗಿಳಿಯುವುದಿಲ್ಲ. ಅದನ್ನು ಸಾಗಿಸುವ ಪಂಪುಗಳಿಗೂ ಕವಾಟಗಳಿಗೂ ಮಾಪಕಗಳಿಗೂ ಕರೆಂಟು ಬೇಕು. ಆದ್ದರಿಂದ ಗ್ರಿಡ್, ಡೀಸೆಲ್ ಜನರೇಟರ್, ಬ್ಯಾಟರಿ ಎಂಬ ಮೂರು ಆಸರೆಗಳನ್ನು ಕೊಟ್ಟು, ಒಂದೊಂದನ್ನೂ ಹಲವು ಪ್ರತ್ಯೇಕ ಸಾಲುಗಳಲ್ಲಿ ಜೋಡಿಸುತ್ತಾರೆ. ಕಳೆದ ಐವತ್ತು ವರ್ಷಗಳ ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಆಸರೆಗಳ ಸಂಖ್ಯೆ ಸಾಲದೆ ಕಷ್ಟ ಬಂದದ್ದು ಅಪರೂಪ. ಬೇರೆ ಬೇರೆ ಎಂದು ಲೆಕ್ಕ ಹಾಕಿದ್ದ ಸಾಲುಗಳು ಒಂದೇ ಕೇಬಲ್ ದಾರಿಯಲ್ಲೋ, ಒಂದೇ ನೆಲಮಾಳಿಗೆಯಲ್ಲೋ, ಒಂದೇ ರಿಲೇ ಜೋಡಣೆಯಲ್ಲೋ ಕೂಡಿಕೊಂಡಿದ್ದವು. ಆ ಕೂಡುತಾಣಗಳನ್ನು ಹುಡುಕಿ ಬಿಡಿಸುವುದೇ ಮೇಲ್ವಿಚಾರಣೆಯ ತಿರುಳು. ಅವು ಅನೇಕ ಸಲ ಮೊದಲೇ ಕಣ್ಣಿಗೆ ಬಿದ್ದಿದ್ದವು, ಆದರೂ ಬಿಡಿಸುವ ಕೆಲಸ ನಡೆಯಲಿಲ್ಲ.

ಈ ಇತಿಹಾಸದ ಮೊದಲ ದೊಡ್ಡ ಘಟನೆ ಅಮೆರಿಕದ ಅಲಬಾಮಾ ರಾಜ್ಯದ ಬ್ರೌನ್ಸ್ ಫೆರ್ರಿಯದು. ಅಣುಶಕ್ತಿಗೆ ಉತ್ತೇಜನ ಕೊಡುವ ಕೆಲಸವನ್ನೂ ನಿಯಂತ್ರಿಸುವ ಕೆಲಸವನ್ನೂ ಒಂದೇ ಆಯೋಗ ಮಾಡಬಾರದೆಂದು ಬೇರ್ಪಡಿಸಿ, ಎನ್‌ಆರ್‌ಸಿ ಎಂದು ಹೆಸರಾದ ಪರಮಾಣು ನಿಯಂತ್ರಣ ಆಯೋಗವನ್ನು ಅಲ್ಲಿ 1975ರ ಜನವರಿಯಲ್ಲಿ ಆರಂಭಿಸಿದ್ದರು. ಎರಡು ತಿಂಗಳಲ್ಲಿ, ಮಾರ್ಚ್ 22ರಂದು, ಗೋಡೆಯಲ್ಲಿ ಕೇಬಲ್ ಹಾಯುವ ಕಿಂಡಿಯಿಂದ ಗಾಳಿ ಸೋರುತ್ತಿದೆಯೇ ಎಂದು ಕೆಲಸಗಾರರು ಮೇಣದಬತ್ತಿ ಹಿಡಿದು ನೋಡುತ್ತಿದ್ದಾಗ ಕಿಂಡಿ ಮುಚ್ಚಿದ್ದ ಫೋಮ್‌ಗೆ ಬೆಂಕಿ ತಗುಲಿತು. ಸುಮಾರು ಏಳು ಗಂಟೆ ಉರಿದ ಆ ಬೆಂಕಿಗೆ 1600ಕ್ಕೂ ಹೆಚ್ಚು ಕೇಬಲ್‌ಗಳು ಬಲಿಯಾದವು. 1ನೇ ಘಟಕದ ತುರ್ತು ತಂಪುಕಾರಕ ವ್ಯವಸ್ಥೆ ಪೂರ್ತಿ ಕೈಕೊಟ್ಟಿತು. ಎರಡು ದಿನಗಳ ಹಿಂದೆ ಇದೇ ರೀತಿಯ ಸಣ್ಣ ಬೆಂಕಿ ಹೊತ್ತಿ ಆರಿತ್ತು, ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಪರಸ್ಪರ ಬದಲಿಯಾಗಬೇಕಾದ ಉಪಕರಣಗಳ ಕೇಬಲ್‌ಗಳು ಅಕ್ಕಪಕ್ಕದಲ್ಲೇ ಹಾದಿದ್ದವು. ಅವುಗಳ ನಡುವೆ ದೂರವೋ ಬೆಂಕಿ ತಡೆಯುವ ಗೋಡೆಯೋ ಇರಲೇಬೇಕೆಂಬ ನಿಯಮ ಜಾರಿಗೆ ಬರಲು ಮತ್ತೆ ಐದಾರು ವರ್ಷ ಹಿಡಿಯಿತು. ಅದೇ 1975ರ ಡಿಸೆಂಬರಿನಲ್ಲಿ ಪೂರ್ವ ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನಲ್ಲೂ ಶಾರ್ಟ್ ಸರ್ಕ್ಯೂಟಿನಿಂದ ಕೇಬಲ್‌ಗಳು ಉರಿದು ತಂಪುಕಾರಕ ಪಂಪುಗಳು ನಿಂತವು. ಆ ಸುದ್ದಿ ಬರ್ಲಿನ್ ಗೋಡೆ ಬೀಳುವ ತನಕ ಜನರಿಗೆ ತಿಳಿಯಲಿಲ್ಲ. ಮುಚ್ಚಿಟ್ಟ ಅಪಘಾತದಿಂದ ಬೇರೆ ಸ್ಥಾವರಗಳಿಗೆ ಯಾವ ಪಾಠವೂ ಸಿಗುವುದಿಲ್ಲ.

ಬಹಿರಂಗವಾದ ಪಾಠವೂ ತಾನಾಗಿ ಎಲ್ಲ ಕಡೆ ಜಾರಿಯಾಗುವುದಿಲ್ಲ ಎಂಬುದಕ್ಕೆ ಉತ್ತರ ಪ್ರದೇಶದ ನರೋರಾ ಸಾಕ್ಷಿ. 1993ರ ಮಾರ್ಚ್ 31ರ ನಸುಕಿನಲ್ಲಿ 220 ಮೆಗಾವಾಟಿನ 1ನೇ ಘಟಕದ ಟರ್ಬೈನಿನ ಎರಡು ಬ್ಲೇಡ್‌ಗಳು ಲೋಹದ ಆಯಾಸದಿಂದ ಮುರಿದು ಹಾರಿದವು. ಸಮತೋಲ ತಪ್ಪಿದ ಯಂತ್ರದ ಅದುರಿಗೆ ಜನರೇಟರಿನ ಸೀಲುಗಳು ಬಿಟ್ಟುಕೊಂಡು, ಅದನ್ನು ತಂಪಾಗಿಡುವ ಜಲಜನಕ ಹೊರನುಗ್ಗಿ ಹೊತ್ತಿಕೊಂಡಿತು. ಬೆಂಕಿ ಎಣ್ಣೆಗೂ ಕೇಬಲ್‌ಗಳಿಗೂ ಹಬ್ಬಿತು. ಡೀಸೆಲ್ ಜನರೇಟರ್‌ಗಳಿದ್ದರೂ ಅವುಗಳ ಕರೆಂಟು ಹರಿಯಬೇಕಿದ್ದ ಕೇಬಲ್‌ಗಳೇ ಸುಟ್ಟುಹೋಗಿದ್ದವು. ಹೊಗೆ ತುಂಬಿದ ನಿಯಂತ್ರಣ ಕೊಠಡಿಯಿಂದ ಸಿಬ್ಬಂದಿ ಹೊರಬರಬೇಕಾಯಿತು. ಸುಮಾರು 17 ಗಂಟೆ ಇಡೀ ಸ್ಥಾವರದಲ್ಲಿ ಕರೆಂಟಿರಲಿಲ್ಲ. ಸಿಬ್ಬಂದಿ ಟಾರ್ಚ್ ಹಿಡಿದು ಕತ್ತಲಲ್ಲಿ ಹತ್ತಿ ಹೋಗಿ ಕೈಯಿಂದಲೇ ಕವಾಟ ತಿರುಗಿಸಿ ರಿಯಾಕ್ಟರಿಗೆ ಬೋರಾನ್ ದ್ರಾವಣ ಹರಿಸಿದರು. ಬೆಂಕಿ ನಂದಿಸಲು ಇಟ್ಟಿದ್ದ ಡೀಸೆಲ್ ಪಂಪುಗಳಿಂದ ಸ್ಟೀಮ್ ಜನರೇಟರುಗಳಿಗೆ ನೀರು ಕೊಟ್ಟರು. ಅವರ ಧೈರ್ಯಕ್ಕೆ ದೇಶ ಋಣಿಯಾಗಿರಬೇಕು. ಅಂತರರಾಷ್ಟ್ರೀಯ ಮಾಪನದಲ್ಲಿ 3ನೇ ಹಂತಕ್ಕೆ ಸೇರಿದ ಈ ಘಟನೆಯ ಹೊತ್ತಿಗೆ ಬ್ರೌನ್ಸ್ ಫೆರ್ರಿಗೆ 18 ವರ್ಷವಾಗಿತ್ತು. ಬ್ಲೇಡ್‌ಗಳ ದೌರ್ಬಲ್ಯದ ಬಗ್ಗೆ ಟರ್ಬೈನಿನ ಮೂಲ ವಿನ್ಯಾಸಕಾರರ ಎಚ್ಚರಿಕೆಯೂ, ಕೇಬಲ್ ಬೇರ್ಪಡಿಸುವ ಬಗ್ಗೆ ಅಮೆರಿಕದ ಅನುಭವವೂ ಮೊದಲೇ ತಿಳಿದಿದ್ದವು ಎಂದು ಘಟನೆಯ ಬಳಿಕ ಅದೇ ವರ್ಷ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅಧ್ಯಕ್ಷರಾದ ಎ. ಗೋಪಾಲಕೃಷ್ಣನ್ ನಂತರ ಬರೆದಿದ್ದಾರೆ.

ಬೆಂಕಿಯಿಲ್ಲದೆಯೂ ಕತ್ತಲು ಕವಿಯಬಹುದು. ಅದನ್ನು ಊಹಿಸಿಯೇ ಅಮೆರಿಕ 1988ರಲ್ಲಿ ನಿಯಮವೊಂದನ್ನು ತಂದಿತು: ಗ್ರಿಡ್ ಮತ್ತು ಡೀಸೆಲ್ ಎರಡೂ ಹೋದಾಗ ಪ್ರತಿ ಸ್ಥಾವರವೂ ನಿಗದಿತ ಗಂಟೆಗಳ ಕಾಲ ತಾಳಿಕೊಳ್ಳುವುದನ್ನು ಸಾಬೀತು ಮಾಡಬೇಕು. ಎರಡೇ ವರ್ಷದಲ್ಲಿ ಜಾರ್ಜಿಯಾದ ವೋಗ್ಟಲ್‌ನಲ್ಲಿ ಹಿಮ್ಮುಖವಾಗಿ ಬಂದ ಟ್ರಕ್ಕೊಂದು ಸ್ವಿಚ್‌ಯಾರ್ಡಿನ ಕಂಬಕ್ಕೆ ಗುದ್ದಿತು. ಒಂದು ಡೀಸೆಲ್ ಜನರೇಟರ್ ದುರಸ್ತಿಯಲ್ಲಿತ್ತು, ಇನ್ನೊಂದು ಚಾಲೂ ಆಗಿ ನಿಂತುಬಿಟ್ಟಿತು. ನಿಂತಿದ್ದ ರಿಯಾಕ್ಟರಿನ ನೀರು 36 ನಿಮಿಷಗಳಲ್ಲಿ ಸುಮಾರು 32 ಡಿಗ್ರಿಯಿಂದ 58 ಡಿಗ್ರಿ ಸೆಲ್ಸಿಯಸ್‌ಗೆ ಏರಿತು. 2006ರ ಜುಲೈ 25ರಂದು ಸ್ವೀಡನ್ನಿನ ಫೋರ್ಸ್‌ಮಾರ್ಕ್‌ನಲ್ಲಿ ಆದದ್ದು ಇನ್ನೂ ಸೂಕ್ಷ್ಮ. 400 ಕಿಲೊವೋಲ್ಟ್ ಸ್ವಿಚ್‌ಯಾರ್ಡಿನ ಶಾರ್ಟ್ ಸರ್ಕ್ಯೂಟಿನಿಂದ ಎದ್ದ ವೋಲ್ಟೇಜ್ ಅಲೆ ಒಳಗೆ ನುಗ್ಗಿ, ಬ್ಯಾಟರಿ ಆಧಾರಿತ ನಾಲ್ಕು ಸಾಲುಗಳ ಪೈಕಿ ಎರಡನ್ನು ಕೆಡವಿತು. ಅವನ್ನು ನೆಚ್ಚಿದ್ದ ಎರಡು ಡೀಸೆಲ್ ಜನರೇಟರುಗಳು ಓಡುತ್ತಿದ್ದರೂ ಕರೆಂಟು ಕೊಡಲಿಲ್ಲ. ನಾಲ್ಕೂ ಸಾಲುಗಳಲ್ಲಿ ಒಂದೇ ಬಗೆಯ ಉಪಕರಣ ಇತ್ತು. ಎರಡು ಉಳಿದದ್ದೇ ಅದೃಷ್ಟ.

ಫುಕುಶಿಮಾ ದಾಯಿಚಿಯನ್ನು ಸುನಾಮಿಯ ಕಥೆಯಾಗಿ ನೆನೆಯುತ್ತೇವೆ. ಅದನ್ನು ಸ್ವಿಚ್‌ಬೋರ್ಡುಗಳ ಕಥೆಯಾಗಿಯೂ ಓದಬೇಕು. 2011ರ ಮಾರ್ಚ್ 11ರ ಭೂಕಂಪಕ್ಕೆ ಗ್ರಿಡ್ ಹೋದಾಗ ಡೀಸೆಲ್ ಜನರೇಟರುಗಳು ಸರಿಯಾಗಿಯೇ ಚಾಲೂ ಆದವು. ನೀರು ನುಗ್ಗಿದಾಗ ಜನರೇಟರುಗಳೂ ವಿದ್ಯುತ್ ಹಂಚುವ ಫಲಕಗಳೂ ಬ್ಯಾಟರಿಗಳೂ ಬಹುಪಾಲು ನೆಲಮಾಳಿಗೆಗಳಲ್ಲಿದ್ದವು. ಬೇರೆ ಕಟ್ಟಡದಲ್ಲಿದ್ದ, ಗಾಳಿಯಿಂದ ತಂಪಾಗುವ 2 ಮತ್ತು 4ನೇ ಘಟಕಗಳ ಜನರೇಟರುಗಳು ಕೆಟ್ಟಿರಲಿಲ್ಲ. ಅವುಗಳ ಫಲಕಗಳು ಮುಳುಗಿದ್ದರಿಂದ ಉಪಯೋಗಕ್ಕೆ ಬರಲಿಲ್ಲ. 6ನೇ ಘಟಕದ ಒಂದೇ ಒಂದು ಜನರೇಟರ್ ಫಲಕ ಸಮೇತ ಉಳಿದು 5 ಮತ್ತು 6ನೇ ಘಟಕಗಳನ್ನು ಕಾಯಿತು. ದೀರ್ಘಕಾಲ ಕರೆಂಟು ಹೋಗುವ ಸಾಧ್ಯತೆಯನ್ನು ವಿನ್ಯಾಸದಲ್ಲಿ ಪರಿಗಣಿಸಬೇಕಿಲ್ಲ, ಲೈನು ಬೇಗ ದುರಸ್ತಿಯಾಗುತ್ತದೆ ಎಂದು ಜಪಾನಿನ 1990ರ ಮಾರ್ಗಸೂಚಿ ಹೇಳಿತ್ತು. ಅಲ್ಲಿನ ನಿಯಂತ್ರಣ ಸಂಸ್ಥೆ ಅಣುಶಕ್ತಿಯನ್ನು ಬೆಳೆಸುವ ಸಚಿವಾಲಯದ ಅಡಿಯಲ್ಲೇ ಇತ್ತು. ಸಂಸತ್ತು ನೇಮಿಸಿದ ತನಿಖಾ ಆಯೋಗ 2012ರಲ್ಲಿ ಇದನ್ನು ಮನುಷ್ಯಕೃತ ದುರಂತವೆಂದು ಕರೆಯಿತು. ಸ್ವತಂತ್ರ ಪ್ರಾಧಿಕಾರ ಬಂದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ.

ಹಾಗಾದರೆ ಸ್ವತಂತ್ರ ಸಂಸ್ಥೆಯಿದ್ದರೆ ಸಾಕೇ? ಇಲಿನಾಯ್ ರಾಜ್ಯದ ಬೈರನ್ ಸಾಲದೆನ್ನುತ್ತದೆ. ತ್ರೀ ಫೇಸ್ ಕರೆಂಟಿನಲ್ಲಿ ಒಂದು ಫೇಸ್ ಹೋದರೆ ಮೋಟಾರು ಸುಡುತ್ತದೆಂದು ನಮ್ಮ ಬೋರ್‌ವೆಲ್ ರೈತರಿಗೆಲ್ಲ ಗೊತ್ತು. ಅದಕ್ಕೆಂದೇ ಪಂಪ್‌ಸೆಟ್ಟಿನ ಸ್ಟಾರ್ಟರಿನೊಂದಿಗೆ ಪ್ರಿವೆಂಟರ್ ಕೂರಿಸುತ್ತಾರೆ. 2012ರ ಜನವರಿ 30ರಂದು ಬೈರನ್‌ನ 345 ಕಿಲೊವೋಲ್ಟ್ ಸ್ವಿಚ್‌ಯಾರ್ಡಿನಲ್ಲಿ ಪಿಂಗಾಣಿ ಇನ್ಸುಲೇಟರ್ ಒಡೆದು 2ನೇ ಘಟಕಕ್ಕೆ ಒಂದು ಫೇಸ್ ತಪ್ಪಿದಾಗ ಅಲ್ಲಿನ ರಕ್ಷಣಾ ರಿಲೇಗಳಿಗೆ ಅದು ಅರ್ಥವಾಗಲಿಲ್ಲ. ಎರಡು ಫೇಸ್ ಜೋಡಿಗಳಲ್ಲೂ ಒಟ್ಟಿಗೆ ವೋಲ್ಟೇಜ್ ಕುಸಿದರೆ ಮಾತ್ರ ಗ್ರಿಡ್ಡಿನಿಂದ ಬಿಡಿಸಿ ಡೀಸೆಲ್‌ಗೆ ಬದಲಾಯಿಸುವಂತೆ ಅವುಗಳನ್ನು ಜೋಡಿಸಲಾಗಿತ್ತು. ಓಡುತ್ತಿದ್ದ ಸುರಕ್ಷತಾ ಪಂಪುಗಳು ಏರುಪೇರಾದ ಅದೇ ಕರೆಂಟಿಗೆ ಅಂಟಿಕೊಂಡವು, ಅವುಗಳಲ್ಲಿ ಹಲವು ನಿಂತವು, ಡೀಸೆಲ್ ಜನರೇಟರುಗಳು ಸುಮ್ಮನಿದ್ದವು. ಎಂಟು ನಿಮಿಷಗಳ ನಂತರ ಸಿಬ್ಬಂದಿಯೇ ಬ್ರೇಕರ್ ತೆರೆದು ಗ್ರಿಡ್ಡಿನಿಂದ ಬಿಡಿಸಿದರು. ಪೆನ್ಸಿಲ್ವೇನಿಯಾದ ಬೀವರ್ ವ್ಯಾಲಿಯಲ್ಲಿ 2007ರಲ್ಲೇ ಒಂದು ಫೇಸ್ ಕಡಿದಿದ್ದ ಲೈನು ದಿನಗಟ್ಟಲೆ ಯಾರ ಗಮನಕ್ಕೂ ಬಾರದೆ ಇದ್ದದ್ದು ದಾಖಲಾಗಿತ್ತು. ಎನ್‌ಆರ್‌ಸಿ 2012ರ ಜುಲೈನಲ್ಲಿ ಸ್ಥಾವರಗಳಿಂದ ವಿವರಣೆ ಕೇಳಿತು; ಆಮೇಲೆ ಪರಿಹಾರವನ್ನು ಉದ್ಯಮದ ಸ್ವಯಂಪ್ರೇರಿತ ಯೋಜನೆಗೆ ಬಿಟ್ಟಿತು. 2016ರ ಫೆಬ್ರವರಿಯಲ್ಲಿ ಆಯೋಗದ ಏಳು ಎಂಜಿನಿಯರುಗಳು ಸಾಮಾನ್ಯ ನಾಗರಿಕರಾಗಿ ತಮ್ಮದೇ ಸಂಸ್ಥೆಗೆ ಅರ್ಜಿ ಹಾಕಿ, ದೋಷ ಸರಿಪಡಿಸುವಂತೆ ಸ್ಥಾವರಗಳಿಗೆ ಆದೇಶಿಸಿ ಎಂದು ಬೇಡಿದರು. ದೋಷ ಗೊತ್ತಿದ್ದವರು ಒಳಗೇ ಇದ್ದರು. ಅವರ ತಿಳಿವಳಿಕೆ ಆದೇಶವಾಗುವ ದಾರಿ ಮುಚ್ಚಿತ್ತು.

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ: ಬ್ರೌನ್ಸ್ ಫೆರ್ರಿ, ನರೋರಾ, ಫೋರ್ಸ್‌ಮಾರ್ಕ್, ಬೈರನ್‌ಗಳಲ್ಲಿ ಜನರಿಗೆ ವಿಕಿರಣದ ಹಾನಿಯಾಗಲಿಲ್ಲ, ಆದ್ದರಿಂದ ಪದರಪದರವಾದ ರಕ್ಷಣೆ ಗೆದ್ದಿತು. ಫಲಿತಾಂಶ ನಿಜ, ತೀರ್ಮಾನ ದುರ್ಬಲ. ಬ್ರೌನ್ಸ್ ಫೆರ್ರಿಯಲ್ಲಿ ನೀರು ಕೊಟ್ಟದ್ದು ತುರ್ತು ವ್ಯವಸ್ಥೆಗೆ ಸೇರದ ಪಂಪುಗಳು. ನರೋರಾದಲ್ಲಿ ಕಾಪಾಡಿದ್ದು ಬೆಂಕಿ ಆರಿಸುವ ಪಂಪು. ಪರವಾನಗಿ ಪಡೆಯುವಾಗ ಯಾವ ಸಾಧನಗಳ ಹೆಸರಿನಲ್ಲಿ ಭರವಸೆ ಕೊಟ್ಟಿದ್ದರೋ ಅವು ಅಂದು ಕೈಕೊಟ್ಟವು. ನಿಯಮಗಳ ಹೊರೆ ಹೆಚ್ಚಾದರೆ ಎಂಜಿನಿಯರುಗಳ ಸಮಯ ಕಾಗದಕ್ಕೆ ಹೋಗುತ್ತದೆ ಎಂಬ ಮಾತಿನಲ್ಲಿ ಹುರುಳಿದೆ, ಆದರೆ ಇಲ್ಲಿ ಬೇಕಿರುವುದು ಹೆಚ್ಚು ನಿಯಮಗಳಲ್ಲ. ಪತ್ತೆಯಾದ ಕೂಡುತಾಣವನ್ನು ಇಷ್ಟು ದಿನದೊಳಗೆ ಬಿಡಿಸಿ, ಇಲ್ಲವೇ ನಿಲ್ಲಿಸಿ ಎನ್ನುವ ಅಧಿಕಾರ. ಭಾರತದಲ್ಲಿ 1983ರಲ್ಲಿ ಹುಟ್ಟಿದ ನಿಯಂತ್ರಣ ಮಂಡಳಿ, ತಾನು ನಿಯಂತ್ರಿಸಬೇಕಾದ ಇಲಾಖೆಯ ಕಾರ್ಯದರ್ಶಿಯೇ ಮುಖ್ಯಸ್ಥರಾಗಿದ್ದ ಪರಮಾಣು ಶಕ್ತಿ ಆಯೋಗಕ್ಕೆ ವರದಿ ಒಪ್ಪಿಸುತ್ತಿತ್ತು. 2012ರಲ್ಲಿ ಮಹಾಲೇಖಪಾಲರು ಈ ಅಧೀನ ಸ್ಥಿತಿಯನ್ನು ಎತ್ತಿ ತೋರಿಸಿದರು. ಸ್ವತಂತ್ರ ಪ್ರಾಧಿಕಾರಕ್ಕೆಂದು 2011ರಲ್ಲಿ ಮಂಡಿಸಿದ ಮಸೂದೆ 2014ರಲ್ಲಿ ಲೋಕಸಭೆಯೊಂದಿಗೆ ಬಿದ್ದುಹೋಯಿತು.

ಹೊಸ ವಿನ್ಯಾಸಗಳು ಈ ಚಿಂತೆಯನ್ನೇ ಕಳೆಯುತ್ತವೆ ಎಂಬುದು ಇನ್ನೊಂದು ವಾದ. ಕೂಡಂಕುಳಂನಲ್ಲಿ ಪಂಪಿಲ್ಲದೆ ಗಾಳಿಗೆ ಶಾಖ ಬಿಡುವ ವ್ಯವಸ್ಥೆಯಿದೆ. ಉತ್ತರ ಕನ್ನಡದ ಕೈಗಾದಲ್ಲಿ 5 ಮತ್ತು 6ನೇ ಘಟಕಗಳಾಗಿ ಬರುತ್ತಿರುವ 700 ಮೆಗಾವಾಟ್ ರಿಯಾಕ್ಟರುಗಳ ವಿನ್ಯಾಸದಲ್ಲೂ ಗುರುತ್ವ ಮತ್ತು ಸಹಜ ಪ್ರವಾಹದ ಬಲದಿಂದ ಶಾಖ ಸಾಗಿಸುವ ಏರ್ಪಾಡಿದೆ. ಇದು ನಿಜವಾದ ಮುನ್ನಡೆ, ಸ್ವಾಗತಾರ್ಹ. ಆದರೆ ಫುಕುಶಿಮಾದ 1ನೇ ಘಟಕದಲ್ಲೂ ಪಂಪು ಬೇಡದ ಐಸೊಲೇಶನ್ ಕಂಡೆನ್ಸರ್ ಇತ್ತು. ಬ್ಯಾಟರಿ ಕರೆಂಟು ಹೋದದ್ದೇ ತಡ, ನಿಯಂತ್ರಣ ಸಂಕೇತ ಕಡಿದರೆ ಮುಚ್ಚಿಕೊಳ್ಳಬೇಕೆಂದು ರೂಪಿಸಿದ್ದ ಅದರ ಕವಾಟಗಳು ಮುಚ್ಚುವ ಆದೇಶ ಪಡೆದವು. ಅವು ಯಾವ ಸ್ಥಿತಿಯಲ್ಲಿವೆ ಎಂದು ತೋರಿಸುವ ದೀಪಗಳೂ ಅದೇ ಕರೆಂಟಿನವಾದ್ದರಿಂದ, ಕಂಡೆನ್ಸರ್ ಕೆಲಸ ಮಾಡುತ್ತಿದೆ ಎಂದೇ ಸ್ಥಾವರದ ತುರ್ತು ಕಾರ್ಯಾಲಯ ಗಂಟೆಗಟ್ಟಲೆ ನಂಬಿಕೊಂಡಿತ್ತು.